ಮೊದಲ ನಾಲ್ಕು, ಕೊನೆಯ ನಾಲ್ಕು

ಪೂರ್ತಿ ನೋಡಿದ್ದೆನೇ?

ನೋಡಿದ್ದೇನೆ ಎಂದು ಬರೆದುಕೊಟ್ಟಾಗಿತ್ತು. ಠಾಣೆಯ ಬೆಂಚಿನ ಮೇಲೆ ಕೂತು, ತನ್ನದೇ ಅಕ್ಷರದಲ್ಲಿ, ‘ಫೋನಿಗೆ ಹಾಕುವ ಮುಂಚೆ ಕಡತದ ಚೆಕ್‌ಸಮ್ ಪೂರ್ತಿ ಪರೀಕ್ಷಿಸಿದ್ದೇನೆ’ ಎಂದು ಬರೆದು ಸಹಿ ಹಾಕಿದ್ದ. ಪೂರ್ತಿಯೋ ಅರ್ಧವೋ ಎಂದು ಯಾರೂ ಕೇಳಿರಲಿಲ್ಲ. ಆ ಒಂದು ಮಾತನ್ನು ತಾನಾಗಿಯೇ ಸೇರಿಸಿದ್ದ. ಕೇಳದ ಮಾತನ್ನು ಯಾಕೆ ಸೇರಿಸಿದೆ ಎಂದು ರಿಪೇರಿಯವನು ಮೂರು ದಿನದಿಂದ ತನ್ನನ್ನೇ ಕೇಳಿಕೊಳ್ಳುತ್ತಿದ್ದ.

“ಪೂರ್ತಿ ಅಂತ ಬರೆದಿದ್ದೀರಿ,” ಎಂದರು ಎದುರಿಗೆ ಕೂತವರು.

“ಹೌದು ಸರ್.”

“ಒಳ್ಳೇದು. ಹಾಗಿದ್ರೆ...”

ಅಲ್ಲಿಗೆ ನಿಂತರು. ನಿಲ್ಲುವುದು ಅವರ ಅಭ್ಯಾಸ. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ, ಆಮೇಲೆ ಪತ್ತೇದಾರಿಕೆಗೆ ಬಂದವರು. ಮಾತು ಮುಗಿಯಲಿಲ್ಲ ಎಂದು ಗೊತ್ತಾಗುವಷ್ಟು ಹೊತ್ತು ಮಾತ್ರ ನಿಲ್ಲುತ್ತಾರೆ ಎಂದು ಅಚ್ಚುಕೂಟದವರು ಅವರಿಗೆ ಅರ್ಧವಿರಾಮ ಎಂದು ಹೆಸರಿಟ್ಟಿದ್ದರು. ಹೆಸರು ಅವರ ಜೊತೆಗೇ ಬಂದಿತ್ತು.

ಅಂಗಡಿಯ ಶಟರ್ ಮೊಣಕಾಲಿನವರೆಗೆ ಇಳಿದಿತ್ತು. ಅದರ ಕೆಳಗಿನಿಂದ ಬೆಳಗಿನ ಹತ್ತು ಗಂಟೆಯ ಬಿಸಿಲು ಒಳಗೆ ಬಂದು, ನೆಲದ ಮೇಲೆ ಉದುರಿದ್ದ ಸಣ್ಣ ಸ್ಕ್ರೂಗಳ ಮೇಲೆ ಬಿದ್ದಿತ್ತು. ಕೌಂಟರಿನ ಆ ಕಡೆ ಅವನು, ಈ ಕಡೆ ಅರ್ಧವಿರಾಮ. ನಡುವೆ ಒಂದು ಬಿಸ್ಕತ್ತಿನ ಡಬ್ಬಿ. ಡಬ್ಬಿಯೊಳಗೆ, ಬ್ಯಾಟರಿ ತೆಗೆದಿಟ್ಟ ಅಕ್ಕನ ಫೋನು.

ಅವನ ಅಕ್ಕನನ್ನು ಅರ್ಧವಿರಾಮ ಅಡಗಿಸಿಟ್ಟಿದ್ದ ಜಾಗ ಹದಿನೈದು ದಿನದಲ್ಲಿ ಎರಡು ಸಲ ಬಯಲಾಗಿತ್ತು.

ಅಕ್ಕ ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿದ್ದವಳು. ಕಾರ್ಖಾನೆಯ ಕಾಲುವೆಯ ನೀರಿನ ಬಗ್ಗೆ ತಾನು ಸಹಿ ಮಾಡಿದ ವರದಿಯೇ ಬೇರೆ, ಕಚೇರಿಗೆ ಹೋದ ವರದಿಯೇ ಬೇರೆ ಎಂದು ಸೋಮವಾರ ನ್ಯಾಯಾಲಯದಲ್ಲಿ ಹೇಳುವವಳಿದ್ದಳು. ಮೊದಲ ಪುಟ ತನ್ನದು, ಸಹಿ ಇರುವ ಕೊನೆಯ ಪುಟವೂ ತನ್ನದು, ನಡುವಿನ ಮೂರು ಪುಟ ತನ್ನದಲ್ಲ. ಅಷ್ಟನ್ನು ಹೇಳಲು ಅವಳು ಸೋಮವಾರದವರೆಗೆ ಬದುಕಿರಬೇಕಿತ್ತು. ಇವತ್ತು ಶುಕ್ರವಾರ.

ಮೊದಲ ಜಾಗದಲ್ಲಿ ಅವಳು ಬೆಳಿಗ್ಗೆ ಎದ್ದಾಗ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಎರಡನೆಯ ಜಾಗದಲ್ಲಿ ಬಾಗಿಲ ಸಂದಿಯಿಂದ ಒಳಗೆ ಬಂದದ್ದು ಅವಳದೇ ಗುರುತಿನ ಚೀಟಿ. ಪ್ರಯೋಗಾಲಯದ ಮೇಜಿನ ಡ್ರಾಯರಿನಲ್ಲಿ ಬಿಟ್ಟು ಬಂದಿದ್ದು.

ಎರಡೂ ಕಡೆ ಅವಳ ಜೊತೆಗಿದ್ದದ್ದು ತಮ್ಮ ಕೊಟ್ಟ ಫೋನು ಒಂದೇ.

“ಹಾಗಿದ್ರೆ,” ಎಂದರು ಅರ್ಧವಿರಾಮ, ನಿಲ್ಲಿಸಿದ್ದಲ್ಲಿಂದಲೇ ಎತ್ತಿಕೊಂಡು, “ನನಗೂ ಒಂದ್ಸಲ ನೋಡಿ ತೋರಿಸಿ. ಇದೇನು ಈ ಚೆಕ್‌ಸಮ್ಮು? ದಡ್ಡನಿಗೆ ಹೇಳೋ ಹಾಗೆ ಹೇಳಿ.”

“ಕಡತದ ಬೆರಳಚ್ಚು ಇದ್ದ ಹಾಗೆ ಸರ್. ಫೋನು ಎಲ್ಲಿದೆ ಅಂತ ಯಾರಿಗೂ ಗೊತ್ತಾಗದಿರಲಿ ಅಂತ ಕಂಪನಿಯವರು ಹಾಕಿದ ಸಾಫ್ಟ್‌ವೇರ್ ಪೂರ್ತಿ ತೆಗೆದು ಬೇರೆಯವರು ಮಾಡಿದ್ದನ್ನ ಹಾಕ್ತೀವಲ್ಲ, ಅದು ಒಂದು ದೊಡ್ಡ ಕಡತ. ಎಷ್ಟೇ ದೊಡ್ಡದಿರಲಿ, ಲೆಕ್ಕ ಹಾಕಿದ್ರೆ ಅರವತ್ತನಾಲ್ಕು ಅಕ್ಷರ ಬರುತ್ತೆ. ಒಳಗೆ ಒಂದು ಚುಕ್ಕಿ ಬದಲಾದ್ರೂ ಬೇರೆಯೇ ಅರವತ್ತನಾಲ್ಕು. ಮಾಡಿದವರು ಸರಿಯಾದ್ದನ್ನ ತಮ್ಮ ಸೈಟಲ್ಲಿ ಬರೆದಿರ್ತಾರೆ. ನಮ್ಮ ಹತ್ರ ಇರೋದು ಅದಕ್ಕೆ ಹೊಂದಿದ್ರೆ, ದಾರೀಲಿ ಯಾರೂ ಕೈ ಹಾಕಿಲ್ಲ ಅಂತ.”

“ಕಡತ ಇನ್ನೂ ಇದೆಯಾ?”

“ಇದೆ. ನಾನು ಯಾವುದನ್ನೂ ಅಳಿಸಲ್ಲ.”

ಹೇಳಿದ ಮೇಲೆ, ಅಳಿಸಬಹುದಿತ್ತು ಎನ್ನಿಸಿತು. ಮೂರು ದಿನ ಕಡತ ಅಲ್ಲೇ ಇತ್ತು. ಮೂರು ದಿನವೂ ಅವನು ಅದನ್ನು ತೆರೆದು ನೋಡಲು ಹೋಗಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂತಾಗಲೆಲ್ಲ ಬೇರೆ ಯಾವುದೋ ಕೆಲಸ ನೆನಪಾಗುತ್ತಿತ್ತು.

ಅರ್ಧವಿರಾಮ ಜೇಬಿನಿಂದ ಒಂದು ಚೀಟಿ ತೆಗೆದರು. ಸಾಫ್ಟ್‌ವೇರ್ ಮಾಡಿದವರ ಸೈಟಿನಿಂದ ನಿನ್ನೆ ತಾವೇ ಕೂತು ನಕಲು ಮಾಡಿದ್ದು. ಸಾಲಿಗೆ ಹದಿನಾರರಂತೆ ನಾಲ್ಕು ಸಾಲು, ದುಂಡು ಅಕ್ಷರ. ಕಿವಿಯ ಮೇಲಿದ್ದ ಪೆನ್ಸಿಲ್ ಕೈಗೆ ಬಂತು.

“ನೀವು ಪರದೆ ನೋಡಿ ಓದಿ. ನಾನು ಚೀಟಿ ನೋಡ್ತೀನಿ. ಹಿಂದಿನಿಂದ.”

“ಹಿಂದಿನಿಂದ ಯಾಕೆ ಸರ್?”

“ಮುಂದಿನಿಂದ ಓದಿದ್ರೆ ಕಣ್ಣು ತನಗೆ ಬೇಕಾದ್ದನ್ನ ಓದ್ಕೊಂಡು ಹೋಗುತ್ತೆ. ಅಚ್ಚುಕೂಟದಲ್ಲಿ ಮೊದಲ ವಾರ ಕಲಿಸೋದೇ ಇದು. ಓದಿ.”

ಕಂಪ್ಯೂಟರ್ ಲೆಕ್ಕ ಹಾಕಲು ಅರ್ಧ ನಿಮಿಷ ತೆಗೆದುಕೊಂಡಿತು. ಆ ಅರ್ಧ ನಿಮಿಷ ಅವನು ಪರದೆಯ ಮೂಲೆಯಲ್ಲಿ ತಿರುಗುತ್ತಿದ್ದ ಸಣ್ಣ ವೃತ್ತವನ್ನು ನೋಡಿದ. ಆಮೇಲೆ ಅಕ್ಷರಗಳು ಬಂದವು. ಕಣ್ಣು ಅಭ್ಯಾಸಬಲದಿಂದ ತುದಿಗಳಿಗೆ ಹೋಯಿತು. ಎರಡೂ ತುದಿ ಸರಿಯಾಗಿತ್ತು. ಎದೆ ಸ್ವಲ್ಪ ಹಗುರಾಯಿತು.

“ಬಿ,” ಎಂದ.

ಪೆನ್ಸಿಲ್ ಚೀಟಿಯ ಮೇಲೆ ಒಂದು ಗೀಟು ಎಳೆಯಿತು.

“ಬಿ. ಒಂಬತ್ತು. ಸೊನ್ನೆ.”

ಮೂರು ಗೀಟು.

“ನಾಲ್ಕು.”

ಪೆನ್ಸಿಲ್ ಅಲ್ಲಾಡಲಿಲ್ಲ.

“ಇನ್ನೊಂದ್ಸಲ ಓದಿ.”

“ನಾಲ್ಕು.”

“ನನ್ನ ಹತ್ರ ಡಿ ಇದೆ.”

ಹೊರಗೆ ಯಾರೋ ಶಟರ್ ತಟ್ಟಿ, “ಅಂಗಡಿ ಇಲ್ವಾ ಇವತ್ತು?” ಎಂದು ಕೇಳಿದರು. ಚಪ್ಪಲಿಯ ಸದ್ದು ದೂರವಾಯಿತು.

“ನಿಲ್ಲಿಸಬೇಡಿ,” ಎಂದರು ಅರ್ಧವಿರಾಮ.

ಅವನು ಓದಿದ. ಎಂಟು. ಇ. ಒಂದು. ಮತ್ತೆ ಒಂದು. ತನ್ನ ದನಿ ತನಗೇ ಬೇರೆಯವರದ್ದರಂತೆ ಕೇಳುತ್ತಿತ್ತು. ಹೊಂದದ ಅಕ್ಷರಕ್ಕೆ ಪೆನ್ಸಿಲ್ ಅಡ್ಡಗೆರೆ ಹಾಕುತ್ತಾ ಹೋಯಿತು. ನಡುವೆ ಮೂರು ಕಡೆ, ಅದೃಷ್ಟಕ್ಕೆ ಎಂಬಂತೆ, ಗೀಟು ಬಿತ್ತು. ಉಳಿದದ್ದೆಲ್ಲ ಅಡ್ಡಗೆರೆ. ಐವತ್ತು ದಾಟಿದ ಮೇಲೆ ಅವನು ಪರದೆಯನ್ನು ನೋಡುವುದನ್ನು ಬಿಟ್ಟು ಚೀಟಿಯನ್ನೇ ನೋಡಬೇಕೆಂದುಕೊಂಡ. ನೋಡಲಿಲ್ಲ.

ಕೊನೆಗೆ ನಾಲ್ಕು ಉಳಿದವು.

“ಎಫ್. ಎರಡು. ಸಿ. ಏಳು.”

ಗೀಟು, ಗೀಟು, ಗೀಟು, ಗೀಟು.

ಅರ್ಧವಿರಾಮ ಚೀಟಿಯನ್ನು ತಿರುಗಿಸಿ ಅವನ ಮುಂದಿಟ್ಟರು. ತಲೆಯ ಹತ್ತಿರ ನಾಲ್ಕು ಗೀಟು, ಕಾಲಿನ ಹತ್ತಿರ ನಾಲ್ಕು ಗೀಟು. ನಡುವೆ ಮುಳ್ಳಿನ ಬೇಲಿ.

“ಇದು ಆಕಸ್ಮಿಕವಾಗಿ ಆಗಬಹುದಾ?”

ಅವನು ಕ್ಯಾಲ್ಕುಲೇಟರ್ ಎಳೆದುಕೊಂಡ. ಒಂದೊಂದು ಜಾಗಕ್ಕೆ ಹದಿನಾರು ಸಾಧ್ಯತೆ, ಹತ್ತು ಅಂಕಿ ಮತ್ತು ಎ ಇಂದ ಎಫ್‌ವರೆಗೆ ಆರು ಅಕ್ಷರ. ಎಂಟು ಜಾಗ. ಹದಿನಾರನ್ನು ಹದಿನಾರರಿಂದ ಗುಣಿಸುತ್ತಾ ಹೋದ. ಸಂಖ್ಯೆ ಪರದೆಯ ಅಂಚಿಗೆ ಹೋಗಿ ತಾಗಿತು.

“ನಾನೂರ ಇಪ್ಪತ್ತೊಂಬತ್ತು ಕೋಟಿಗೆ ಒಂದು ಸಲ.”

“ಅಂದ್ರೆ ಬೇಕಂತಲೇ ಮಾಡಿದ್ದು.”

“ಮಾಡಬಹುದು ಸರ್. ಕೆಡಿಸಿದ ಕಡತದ ಕೊನೆಗೆ ಏನಾದ್ರೂ ಕೆಲಸಕ್ಕೆ ಬಾರದ್ದನ್ನ ಸೇರಿಸೋದು, ಲೆಕ್ಕ ಹಾಕೋದು. ತುದಿಗಳು ಹೊಂದದಿದ್ರೆ ಬದಲಾಯಿಸಿ ಮತ್ತೆ ಲೆಕ್ಕ. ಒಳ್ಳೇ ಕಂಪ್ಯೂಟರ್ ಇದ್ರೆ ಅದೇ ಮಾಡ್ಕೊಳ್ಳುತ್ತೆ. ಒಂದು ದಿನದ ಕೆಲಸ. ಅರವತ್ತನಾಲ್ಕನ್ನೂ ಹೊಂದಿಸೋದು ಯಾರ ಕೈಲೂ ಆಗಲ್ಲ. ಎಂಟು...”

ನಿಲ್ಲುವ ಸರದಿ ಅವನದಾಯಿತು.

“ಎಂಟು ಸಾಕು,” ಎಂದರು ಅರ್ಧವಿರಾಮ, “ನೋಡೋನು ಎಂಟೇ ನೋಡ್ತಾನೆ ಅಂತ ಗೊತ್ತಿದ್ರೆ. ಇದು ನಿಮ್ಮ ಅಳತೆ ತಗೊಂಡು ಹೊಲಿದ ಅಂಗಿ. ಈಗ ಹೇಳಿ, ಪೂರ್ತಿ ನೋಡಿದ್ರಾ?”

“ಇಲ್ಲ ಸರ್.”

ಹೇಳಿದ ಮೇಲೆ ಅಷ್ಟೇನೂ ಕಷ್ಟವಾಗಲಿಲ್ಲ. ಅದು ಅವನಿಗೆ ಇನ್ನಷ್ಟು ಹೆದರಿಕೆ ಹುಟ್ಟಿಸಿತು. ಫೋನು ಕೈಗಿಟ್ಟ ದಿನ ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದೇನೋ, ಇಟ್ಟಿಗೆ ಹಾಗಿದೆ. ಯಾರಾದ್ರೂ ಬಂದ್ರೆ ತಲೆಗೆ ಹೊಡೆಯೋಕಾದ್ರೂ ಆಗುತ್ತೆ ಬಿಡು,” ಎಂದು ನಕ್ಕಿದ್ದಳು. ಆಮೇಲೆ ನಗು ಬಿಟ್ಟು, “ಎಲ್ಲಾ ಸರಿಯಾಗಿದೆ ತಾನೆ? ನೀನು ನೋಡಿದ್ದೀಯಲ್ಲ, ನನಗಷ್ಟು ಸಾಕು,” ಎಂದಿದ್ದಳು.

“ಎಂಟೇ ಯಾಕೆ?” ಅರ್ಧವಿರಾಮರ ದನಿಯಲ್ಲಿ ಸಿಟ್ಟಿರಲಿಲ್ಲ.

“ದಿನಕ್ಕೆ ಆರೇಳು ಫೋನು ಬರುತ್ತೆ. ರೈಲಿಂದು ಮೊದಲನೇ ಡಬ್ಬಿ ನೋಡಿ ಕೊನೇ ಡಬ್ಬಿ ನೋಡಿದ್ರೆ ಅದೇ ರೈಲು ಅಂತ ಗೊತ್ತಾಗಲ್ವಾ, ಮಧ್ಯದ ಡಬ್ಬಿ ಎಲ್ಲಿಗೆ ಹೋಗುತ್ತೆ, ಹಾಗೆ...”

“ಚೆನ್ನಾಗಿದೆ ಮಾತು. ನಿಮ್ಮದಾ?”

“ನಮ್ಮ ಗುರುಗಳದು ಸರ್. ಕೆಲಸ ಕಲಿಸಿದವರು.”

ಯೋಚಿಸದೆ ಬಂದ ಉತ್ತರ. ಕೆಲಸದ ಮಾತುಗಳೆಲ್ಲ ಅವನಿಗೆ ಗುರುಗಳಿಂದಲೇ ಬಂದಿದ್ದವು.

ಅರ್ಧವಿರಾಮ ಚೀಟಿಯನ್ನು ನಾಲ್ಕಾಗಿ ಮಡಚಿದರು. “ಇದನ್ನ ಮಾಡಿದವರಿಗೆ ಎರಡು ವಿಷಯ ಗೊತ್ತಿತ್ತು. ಒಂದು, ನೀವು ತುದಿ ಮಾತ್ರ ನೋಡ್ತೀರಿ ಅಂತ. ಎರಡು, ಈ ಫೋನು ನಿಮ್ಮಕ್ಕನಿಗೆ ಅಂತ. ಎರಡನೇದು ಯಾರ್ಯಾರಿಗೆ ಗೊತ್ತಿತ್ತು?”

“ನನಗೆ, ಅಕ್ಕನಿಗೆ. ಮನೇಲಿ ಗೊತ್ತಿತ್ತು, ನನ್ನ ಹೆಂಡತಿಗೆ. ಮತ್ತೆ... ಹನ್ನೆರಡನೇ ತಾರೀಕು ಗುರುಗಳು ಬಂದಿದ್ರು, ಬೆಸುಗೆ ಕಡ್ಡಿ ಕೇಳ್ಕೊಂಡು. ಬಾಯಿ ತಪ್ಪಿ ಅಂದುಬಿಟ್ಟೆ. ಕಂಪ್ಯೂಟರ್ ತೆರೆದೇ ಇತ್ತು. ನಾನು ಒಳಗೆ ಹೋಗಿ ಕಡ್ಡಿ ಹುಡುಕೋಕೆ ಐದು ನಿಮಿಷ ಆಯ್ತು.”

“ನಿಮ್ಮ ಮನೆಯವರಿಗೆ ಮೊದಲನೇದು ಗೊತ್ತಾ?”

“ಅವಳಿಗೆ ಇದೆಲ್ಲ ತಿಳಿಯಲ್ಲ ಸರ್. ಕೌಂಟರಲ್ಲಿ ಕೂತು ಬಂದವರನ್ನ ಮಾತಾಡಿಸ್ತಾಳೆ, ಅಷ್ಟೇ.”

“ಗುರುಗಳಿಗೆ?”

“ಕಲಿಸಿದವರೇ ಅವರು.”

“ಅವರಿಗೂ ನಿಮಗೂ ಹೇಗೆ?”

“ಎರಡು ವರ್ಷದ ಹಿಂದೆ ನಾನು ಬೇರೆ ಅಂಗಡಿ ಹಾಕಿದ ಮೇಲೆ ಸರಿಯಿಲ್ಲ. ಎದುರು ಸಿಕ್ಕರೆ ಬೇರೆ ಕಡೆ ನೋಡ್ತಿದ್ರು. ಅವತ್ತು ಕಡ್ಡಿಗೆ ಬಂದದ್ದೇ ನನಗೆ ಆಶ್ಚರ್ಯ.”

ಅರ್ಧವಿರಾಮ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದರು.

“ನಮ್ಮಕ್ಕ ಎಲ್ಲಿದ್ದಾಳೆ ಸರ್ ಈಗ?”

“ದಾರೀಲಿ. ಮೂರನೇ ಜಾಗಕ್ಕೆ.”

“ಎಲ್ಲಿ?”

“ಮೊದಲು ನಿಮ್ಮ ಗುರುಗಳನ್ನ ನೋಡ್ಕೊಂಡು ಬರೋಣ.”

*

ಗುರುಗಳ ಅಂಗಡಿ ಮೂರು ಮೆಟ್ಟಿಲು ಕೆಳಗಿತ್ತು. ಹಳೆಯ ರೇಡಿಯೋಗಳ ಕಾಲದ್ದು. ಗೋಡೆ ತುಂಬ ಸಣ್ಣ ಸಣ್ಣ ಮರದ ಗೂಡುಗಳು. ಗುರುಗಳು ಹಣೆಯ ಮೇಲೆ ಭೂತಗನ್ನಡಿ ಏರಿಸಿಕೊಂಡು ಒಂದು ಬಿಚ್ಚಿದ ಫೋನಿನ ಮೇಲೆ ಬಾಗಿದ್ದರು. ತಲೆ ಎತ್ತಲಿಲ್ಲ.

“ಬೆಸುಗೆ ಕಡ್ಡಿ ವಾಪಸ್ ಕೇಳೋಕೆ ಇಷ್ಟು ದೊಡ್ಡವರನ್ನ ಕರ್ಕೊಂಡು ಬರಬೇಕಿತ್ತೇನಯ್ಯಾ?”

“ಕಡ್ಡಿಗಲ್ಲ ಗುರುಗಳೇ.”

“ಮತ್ತೆ? ನಿನ್ನ ಅಂಗಡೀಲಿ ಆಗದ ಫೋನು ಇಲ್ಲಿಗೆ ತಂದ್ಯಾ? ಇಡು ಅಲ್ಲಿ. ಸಾಲಲ್ಲಿ ನಿಂತ್ಕೋ.”

ಸಾಲಿನಲ್ಲಿ ಯಾರೂ ಇರಲಿಲ್ಲ.

ಅರ್ಧವಿರಾಮ ಕೇಳದೆಯೇ ಸ್ಟೂಲ್ ಎಳೆದು ಕೂತರು. ಚೀಟಿ ಬಿಡಿಸಿ ಗುರುಗಳ ಕೈಯ ಕೆಳಗೆ, ಬಿಚ್ಚಿದ ಫೋನಿನ ಪಕ್ಕಕ್ಕೆ ಇಟ್ಟರು. ಗುರುಗಳು ಭೂತಗನ್ನಡಿ ಇಳಿಸಿ ನೋಡಿದರು. ನೋಡುತ್ತಾ ಅವರ ಕೈ ನಿಂತಿತು.

“ಯಾರ ಕಡತ ಇದು?”

“ನಿಮ್ಮ ಶಿಷ್ಯರದು. ಅವರ ಅಕ್ಕನ ಫೋನಿಗೆ ಹಾಕಿದ್ದು.”

ಗುರುಗಳು ಅವನ ಮುಖ ನೋಡಿದರು. ಎರಡು ವರ್ಷದಲ್ಲಿ ಮೊದಲ ಸಲ ನೇರವಾಗಿ ನೋಡಿದ್ದು.

“ಇದನ್ನ ಹಾಕಿದೆಯಾ? ಆ ಹುಡುಗಿ ಫೋನಿಗೆ?”

“ತುದಿಗಳು ಹೊಂದಿದ್ವು,” ಎಂದ ಅವನು.

“ತುದಿಗಳು.”

“ಮೊದಲ ನಾಲ್ಕು, ಕೊನೇ ನಾಲ್ಕು. ನೀವೇ ತಾನೆ ಹೇಳಿಕೊಟ್ಟಿದ್ದು?”

ಅರ್ಧವಿರಾಮ ನಡುವೆ ಬಾಯಿ ಹಾಕಿದರು. ದನಿ ಮೃದುವಾಗಿತ್ತು, ಪ್ರಶ್ನೆ ಮೃದುವಾಗಿರಲಿಲ್ಲ.

“ಹನ್ನೆರಡನೇ ತಾರೀಕು ನೀವು ಇವರ ಅಂಗಡಿಗೆ ಹೋಗಿದ್ರಿ. ಎರಡು ವರ್ಷ ಮಾತಾಡದವರು. ಇಷ್ಟು ಗೂಡುಗಳಿರೋ ಅಂಗಡೀಲಿ ಒಂದು ಬೆಸುಗೆ ಕಡ್ಡಿ ಇರಲಿಲ್ವಾ?”

“ಇತ್ತು.”

“ಮತ್ತೆ ಯಾಕೆ ಹೋದ್ರಿ?”

ಗುರುಗಳು ಭೂತಗನ್ನಡಿಯನ್ನು ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಒರೆಸಿಯಾದ ಮೇಲೂ ಒರೆಸಿದರು.

“ನನಗೆ ಕೈ ನಡುಕ ಶುರುವಾಗಿದೆ. ಸಣ್ಣ ಬೆಸುಗೆ ಕೂರಲ್ಲ. ಇವನು ವಾಪಸ್ ಬರ್ತಾನಾ ಅಂತ ಕೇಳೋಕೆ ಹೋಗಿದ್ದೆ. ಬಾಯಿಗೆ ಬಂದಿದ್ದು ಕಡ್ಡಿ. ಕಡ್ಡಿ ತಗೊಂಡು ಬಂದೆ.”

ರಿಪೇರಿಯವನು ಗೂಡುಗಳನ್ನು ಎಣಿಸತೊಡಗಿದ. ಗುರುಗಳ ಎಡಗೈ ಕೆಲಸದ ಬಲಗೈಯನ್ನು ಒತ್ತಿ ಹಿಡಿದಿದ್ದುದನ್ನು ಅವನು ಬಂದಾಗಲೇ ನೋಡಿದ್ದ. ನೋಡಿಯೂ ನೋಡಿರಲಿಲ್ಲ.

“ಆ ಐದು ನಿಮಿಷ ಕಂಪ್ಯೂಟರ್ ಮುಂದೆ ನೀವೊಬ್ಬರೇ ಇದ್ರಿ,” ಎಂದರು ಅರ್ಧವಿರಾಮ.

“ಇದ್ದೆ. ಮುಟ್ಟಿಲ್ಲ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಆದ್ರೆ ಈ ನಾಲ್ಕು-ನಾಲ್ಕು ನನ್ನ ಲೆಕ್ಕಕ್ಕೆ ಹಚ್ಚಬೇಡಿ.”

ಅವರು ಎದ್ದು ಗೋಡೆಯ ಮೇಲಿನ ಸಾಲಿನ ಒಂದು ಗೂಡಿಗೆ ಕೈ ಹಾಕಿದರು. ಎಳೆದದ್ದು ಉದ್ದನೆಯ ನೋಟ್‌ಬುಕ್. ಧೂಳು ಕೊಡವಿ ಮೇಜಿನ ಮೇಲೆ ತೆರೆದರು. ಅವನದೇ ಅಕ್ಷರ, ಆರು ವರ್ಷದ ಹಿಂದಿನದು, ಇನ್ನೂ ಒತ್ತಿ ಬರೆಯುತ್ತಿದ್ದ ಕಾಲದ್ದು. ಪುಟ ತುಂಬ ಅರವತ್ತನಾಲ್ಕರ ಸಾಲುಗಳು. ಒಂದೊಂದು ಅಕ್ಷರದ ಕೆಳಗೂ ಕೆಂಪು ಶಾಯಿಯ ಚುಕ್ಕೆ. ಪುಟ ತಿರುಗಿಸಿದರು. ಮತ್ತೆ ಅದೇ. ಮತ್ತೆ ಅದೇ.

“ಬರೆಸಿದ್ದೆ. ಒಂದು ತಿಂಗಳು. ಆಮೇಲೇನು ಹೇಳಿದ್ದೆ?”

“ಮನುಷ್ಯನ ಕಣ್ಣಿಗೆ ಸುಸ್ತಾಗುತ್ತೆ, ಎರಡನ್ನೂ ಯಂತ್ರಕ್ಕೇ ಕೊಟ್ಟು ಹೊಂದುತ್ತಾ ಅಂತ ಕೇಳು,” ಎಂದ ಅವನು. ಕಂಠಪಾಠ ಒಪ್ಪಿಸಿದಂತೆ ಬಂತು. ಇಷ್ಟು ವರ್ಷ ಅದು ಎಲ್ಲಿತ್ತೋ.

“ನೀನು ಎಂಟಕ್ಷರ ನೋಡ್ತಿದ್ದೆ ಅಂತ ಗೊತ್ತಾಗಿದ್ರೆ ಸ್ಕ್ರೂಡ್ರೈವರ್ ಹಿಡಿಯಲ್ಲಿ ಬೆರಳಿಗೆ ಕುಟ್ಟಿರ್ತಿದ್ದೆ. ಇನ್ನೊಬ್ಬರ ಜೀವ ಅದರ ಮೇಲಿದ್ರೂ ಎಂಟೇನಾ?”

“ಆ ರೈಲಿನ ಮಾತು?” ಎಂದರು ಅರ್ಧವಿರಾಮ. “ಮೊದಲನೇ ಡಬ್ಬಿ, ಕೊನೇ ಡಬ್ಬಿ?”

“ಯಾವ ರೈಲು? ನಾನು ರೈಲು ಹತ್ತಿ ಇಪ್ಪತ್ತು ವರ್ಷ ಆಯ್ತು ಸ್ವಾಮಿ. ಕಿಟಕಿ ಹತ್ರ ಕೂತ್ರೆ ಹೊಟ್ಟೆ ತೊಳಸುತ್ತೆ.”

ಆಗ ಅವನಿಗೆ ಕೇಳಿಸಿತು. ಗುರುಗಳ ದನಿಯಲ್ಲಿ ಎಂದೂ ಕೇಳಿರದ ಆ ಮಾತು, ಅದರ ನಿಜವಾದ ದನಿಯಲ್ಲಿ.

ಮದುವೆಯಾದ ಮೊದಲ ವರ್ಷ, ಲೆವೆಲ್ ಕ್ರಾಸಿಂಗ್ ಪಕ್ಕದ ಬಾಡಿಗೆ ಮನೆ. ಅಂಗಡಿ ಹೊಸದು; ಕೆಲಸ ಮುಗಿಯದೆ ಮನೆಗೂ ತರುತ್ತಿದ್ದ. ಅವನ ಕೈಯಲ್ಲಿ ಫೋನು, ಅವಳ ತೊಡೆಯ ಮೇಲೆ ಕಂಪ್ಯೂಟರ್. ಅವಳು ಓದಬೇಕು, ಅವನು ನೋಡಬೇಕು. ಇಪ್ಪತ್ತನೇ ಅಕ್ಷರಕ್ಕೆ ಅವಳಿಗೆ ಆಕಳಿಕೆ. ಕಿಟಕಿಯಾಚೆ ಗೂಡ್ಸ್ ಗಾಡಿ ಹೋಗುತ್ತಿತ್ತು, ಗೋಡೆಯ ಮೇಲಿನ ಕನ್ನಡಿ ನಡುಗುತ್ತಿತ್ತು. ‘ಅಯ್ಯೋ, ಇಷ್ಟುದ್ದ ಯಾರ್ರೀ ಓದ್ತಾರೆ? ಮೊದಲನೇ ಡಬ್ಬಿ ನೋಡಿ, ಕೊನೇ ಡಬ್ಬಿ ನೋಡಿ. ಅದೇ ರೈಲು. ಮಧ್ಯದ ಡಬ್ಬಿ ಎಲ್ಲಿಗೆ ಹೋಗುತ್ತೆ?’ ಅವನು ನಕ್ಕಿದ್ದ. ಅವತ್ತಿನಿಂದ ಅವಳು ಎಂಟೇ ಓದಿದಳು, ಅವನು ಎಂಟೇ ನೋಡಿದ. ಆಮೇಲೆ ಒಬ್ಬನೇ ನೋಡುವಾಗಲೂ ಎಂಟೇ.

“ಏನಯ್ಯಾ,” ಎಂದರು ಗುರುಗಳು, “ಬಣ್ಣ ಯಾಕೆ ಹೀಗಾಯ್ತು? ಕೂತ್ಕೋ.”

“ಏನಿಲ್ಲ.”

ಅರ್ಧವಿರಾಮ ಅವನನ್ನೇ ನೋಡುತ್ತಿದ್ದರು. ಕರಡು ಓದುವವರ ನೋಟ. ಅಕ್ಷರ ಬಿಟ್ಟು ಅಕ್ಷರದ ನಡುವಿನ ಜಾಗ ನೋಡುವಂಥದ್ದು.

*

ಕಾರು ಹೊರಟು ಎರಡು ತಿರುವು ಕಳೆಯಿತು. ಅರ್ಧವಿರಾಮ ಹಳೆಯ ಕಾರನ್ನು ನಿಧಾನವಾಗಿ ಓಡಿಸುತ್ತಿದ್ದರು. ಹಿಂದಿನವರು ಹಾರ್ನ್ ಹಾಕಿ ಮುಂದೆ ಹೋಗುತ್ತಿದ್ದರು.

“ಅವರಲ್ಲ,” ಎಂದರು ಕೊನೆಗೆ.

“ಅಲ್ಲ ಸರ್.”

“ಅವರ ಸಿಟ್ಟು ನಿಜ. ಕಳ್ಳನಾಗಿದ್ರೆ ನೋಟ್‌ಬುಕ್ ತೋರಿಸೋ ಮುಂಚೆ ನಿಮ್ಮನ್ನ ಸಮಾಧಾನ ಮಾಡ್ತಿದ್ರು. ಹಾಗಿದ್ರೆ ಆ ರೈಲಿನ ಮಾತು ಯಾರದು?”

ಅವಳು ಯಾರ ಹತ್ತಿರವಾದರೂ ಹೇಳಿ ನಕ್ಕಿರಬಹುದು. ಅದು ಅವಳ ಸ್ವಭಾವ. ಕೌಂಟರಿನಲ್ಲಿ ಕೂತು ಬಂದವರಿಗೆಲ್ಲ ಕಥೆ ಹೇಳುತ್ತಾಳೆ. ‘ನಮ್ಮನೆಯವರು ದೊಡ್ಡ ವಿಜ್ಞಾನಿ, ಎಂಟಕ್ಷರ ಓದಿ ಪಾಸು ಮಾಡ್ತಾರೆ’ ಎಂದು ಯಾರ ಮುಂದೆಯೋ ಹಾಸ್ಯ ಮಾಡಿರಬಹುದು. ಕೇಳಿಸಿಕೊಂಡವನು ಇನ್ಯಾರೋ ಇರಬಹುದು. ಮೊದಲು ಅವಳನ್ನೇ ಕೇಳಬೇಕು. ಮುಖ ನೋಡಿ ಕೇಳಬೇಕು. ಬೇರೆಯವರ ಬಾಯಲ್ಲಿ ಆ ಪ್ರಶ್ನೆ ಅವಳ ಮುಂದೆ ಹೋಗಬಾರದು. ಒಂದು ಗಂಟೆ ಸಾಕು. ಅಕ್ಕ ಹೇಗೂ ಎಲ್ಲೋ ದೂರದಲ್ಲಿ, ಯಾರಿಗೂ ಗೊತ್ತಿಲ್ಲದ ಕಡೆ ಇದ್ದಾಳೆ. ಫೋನು ಡಬ್ಬಿಯಲ್ಲಿದೆ.

“ನೆನಪಾಗ್ತಿಲ್ಲ ಸರ್,” ಎಂದ.

“ಪ್ರಯತ್ನ ಮಾಡಿ.”

“ಎಲ್ಲೋ ಕೇಳಿದ್ದು.”

ಅರ್ಧವಿರಾಮ ತಲೆದೂಗಿದರು. ಎಡಕ್ಕೆ ತಿರುಗಿಸಿದರು. ಔಷಧದಂಗಡಿ, ಸೈಕಲ್ ಪಂಕ್ಚರಿನವನು, ಬಣ್ಣ ಹೋದ ಅಂಚೆಡಬ್ಬಿ. ಅವನು ದಿನಾ ನಡೆದು ಹೋಗುವ ರಸ್ತೆ.

“ಸರ್, ನಾವು ಎಲ್ಲಿಗೆ ಹೋಗ್ತಿದ್ದೀವಿ?”

“ಮೂರನೇ ಜಾಗಕ್ಕೆ. ಎರಡು ಸಲ ದೂರ ಇಟ್ಟು ನೋಡಿದೆ. ಹೊಟೇಲಾಯ್ತು, ಪರಿಚಯದವರ ಖಾಲಿ ಮನೆಯಾಯ್ತು. ದೂರದಲ್ಲಿ ಒಂಟಿಯಾಗಿ ಇರೋದಕ್ಕಿಂತ ನಾಲ್ಕು ಜನರ ನಡುವೆ, ತನ್ನವರ ಹತ್ರ...” ನಿಂತರು. ಒಂದು ಆಟೋ ದಾಟಿ ಹೋಗಲು ಬಿಟ್ಟರು. “ನಿಮ್ಮ ಮನೆ.”

ಅವನು ಕಾರಿನ ಬಾಗಿಲ ಹಿಡಿ ಹಿಡಿದುಕೊಂಡ.

“ನಿಮಗೂ ಮುಂಚೆ ಹೇಳಲಿಲ್ಲ, ಬೇಜಾರು ಮಾಡ್ಕೋಬೇಡಿ. ಬೆಳಿಗ್ಗೆ ನೀವು ಅಂಗಡಿಗೆ ಹೊರಟ ಮೇಲೆ ನಿಮ್ಮ ಮನೆಯವರನ್ನ ನೋಡಿ ಮಾತಾಡಿದೆ. ಒಂದೇ ಮಾತಿಗೆ ಒಪ್ಪಿದ್ರು. ಇವತ್ತು ಅಂಗಡಿಗೆ ಹೋಗಲ್ಲ, ಮನೇಲೇ ಇರ್ತೀನಿ ಅಂದ್ರು. ಹೊಂದಿಕೊಳ್ಳೋ ಹೆಣ್ಣುಮಗಳು.”

“ಅಕ್ಕ ಬಂದಾಯ್ತಾ?”

“ಇಷ್ಟು ಹೊತ್ತಿಗೆ ಬಂದಿರಬೇಕು. ಕೇಳಿ ನೋಡಿ.”

ಅವನು ಫೋನು ತೆಗೆದ. ಹೆಂಡತಿಯ ನಂಬರ್ ಒತ್ತಿದ. ಅವಳು ಎತ್ತುವ ಹೊತ್ತಿಗೆ ಆರು ರಿಂಗ್ ಆಗಿತ್ತು. ಯಾವತ್ತೂ ಎರಡಕ್ಕೆ ಎತ್ತುವವಳು.

“ಹೇಳ್ರೀ.”

“ಅಕ್ಕ?”

“ಬಂದ್ರು. ಅರ್ಧ ಗಂಟೆ ಆಯ್ತು. ಸ್ನಾನ ಮಾಡಿ ಮಲಗಿದ್ದಾರೆ. ಪಾಪ, ಎಷ್ಟು ಸೊರಗಿದ್ದಾರೆ ನೋಡಿ, ಕತ್ತೆಲ್ಲ ಮೂಳೆ. ಬೀದಿ ಕಡೆ ರೂಮು ಕೊಟ್ಟಿದ್ದೀನಿ. ಗಾಳಿ ಚೆನ್ನಾಗಿ ಬರುತ್ತಲ್ಲ, ಅದಕ್ಕೆ.”

“ಹಿಂದಿನ ರೂಮು ಕೊಡಬಹುದಿತ್ತು.”

“ಅಲ್ಲಿ ಸೆಕೆ.”

“ಕಿಟಕಿ ಹಾಕು.”

“ಈಗ ತಾನೆ ತೆಗೆದೆ. ನಿದ್ದೆ ಬಂದಿದೆ ಅವರಿಗೆ.”

“ಹಾಕು ಅಂದೆ.”

ಆಮೇಲೆ ಅವಳ ನಗು, ಸಣ್ಣದು, ಅವನಿಗೆ ಅಂಗೈಯಷ್ಟೇ ಪರಿಚಯದ್ದು.

“ಹಾಕ್ತೀನಿ ಮಾರಾಯ್ರೆ. ಅದಿರಲಿ, ನಿಮ್ಮದೇನಾಯ್ತು? ಹೊಂದಿತಾ?”

“ಏನು ಹೊಂದಿತಾ?”

“ಅದೇ, ಕಡತ. ನೋಡೋಕೆ ಹೋಗಿದ್ರಲ್ಲ.”

ಬೆಳಿಗ್ಗೆ ಮನೆಯಿಂದ ಹೊರಡುವಾಗ ಅವನು ಹೇಳಿದ್ದು ಅಂಗಡಿಯ ಶಟರಿನ ಸ್ಪ್ರಿಂಗ್ ನೋಡಿಸಬೇಕು ಎಂದು. ಕಡತದ ಮಾತು ಎತ್ತಿರಲಿಲ್ಲ. ಅರ್ಧವಿರಾಮ ಹೇಳಿರಬಹುದು. ಮಾತಿನ ಮಧ್ಯೆ ಅವರೇ ಅಂದಿರಬಹುದು. ಪಕ್ಕದಲ್ಲೇ ಕೂತಿದ್ದಾರೆ, ಹೇಳಿದ್ದಿರಾ ಎಂದು ಕೇಳಿದರೆ ಮುಗಿಯಿತು. ಆದರೆ ಕೇಳಿದರೆ, ಯಾಕೆ ಕೇಳಿದೆ ಎಂದು ಅವರು ಕೇಳುತ್ತಾರೆ.

“ಹೊಂದಿತು,” ಎಂದು ಫೋನಿಗೆ ಹೇಳಿದ.

“ನಾನು ಹೇಳ್ಲಿಲ್ವಾ,” ಎಂದಳು ಅವಳು. “ಸುಮ್ನೆ ಹೆದರ್ತೀರಿ.”

ಅವನು ಫೋನನ್ನು ಜೇಬಿಗೆ ಹಾಕಲಿಲ್ಲ. ಕೈಯಲ್ಲೇ ಹಿಡಿದುಕೊಂಡ. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಅಲ್ಲಿಂದ ಮನೆಗೆ ಎರಡು ರಸ್ತೆ. ದೀಪದ ಕೆಳಗಿನ ಅಂಕಿ ಅರವತ್ತರಿಂದ ಇಳಿಯತೊಡಗಿತು.

“ಹೊಂದಿತು ಅಂದ್ರಿ,” ಎಂದರು ಅರ್ಧವಿರಾಮ, ಕಣ್ಣು ರಸ್ತೆಯ ಮೇಲೇ ಇಟ್ಟು.

“ಅವಳು ಗಾಬರಿ ಆಗೋದು ಬೇಡ ಅಂತ.”

“ಒಳ್ಳೇದು ಮಾಡಿದ್ರಿ.”

ನಲವತ್ತು. ಮೂವತ್ತೊಂಬತ್ತು. ಅರ್ಧವಿರಾಮ ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು ಕೂತಿದ್ದರು. ಇನ್ನೇನನ್ನೋ ಕಾಯುವವರಂತೆ, ತಮ್ಮದಲ್ಲದ ಮಾತಿನ ನಡುವೆ ನಿಂತವರಂತೆ. ಅವರು ಬೇರೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಅಂಕಿ ಹತ್ತಕ್ಕೆ ಬಂತು, ಒಂದಕ್ಕೆ ಬಂತು. ಹಸಿರು ಬಿತ್ತು. ಕಾರು ಹೊರಟಿತು.

ಎಂಟಕ್ಷರ ನೋಡಿದರೆ ಸಾಕು ಎಂದು ತನಗೆ ಕಲಿಸಿದವಳು ತನ್ನ ಹೆಂಡತಿ ಎಂದು ಅವನು ಹೇಳಲಿಲ್ಲ.